ಹೊಗೆ ಪರೀಕ್ಷೆ (ತಂತ್ರಾಂಶ)

ಹೊಗೆ ಪರೀಕ್ಷೆ ಅಥವಾ ಸ್ಮೋಕ್ ಟೆಸ್ಟ್ ಎಂಬುದು ತಂತ್ರಾಂಶದ ಹೊಸ ಆವೃತ್ತಿಯೊಂದು ವಿಸ್ತೃತ ಪರೀಕ್ಷೆಗೆ ಯೋಗ್ಯವೇ ಎಂಬುದನ್ನು ಅಲ್ಪಾವಧಿಯಲ್ಲಿ ನಿರ್ಧರಿಸುವ ಪ್ರಾಥಮಿಕ ಪರೀಕ್ಷೆ. ಇದನ್ನು ಬಿಲ್ಡ್ ವೆರಿಫಿಕೇಶನ್ ಟೆಸ್ಟ್ ಎಂದೂ ಕರೆಯುತ್ತಾರೆ.

ಹೆಸರಿನ ಹಿನ್ನೆಲೆ

ಈ ಹೆಸರು ವಿದ್ಯುನ್ಮಾನ ಯಂತ್ರಾಂಶದ ಕ್ಷೇತ್ರದಿಂದ ಬಂದಿದೆ. ಹೊಸ ಸರ್ಕ್ಯೂಟ್ ಫಲಕಕ್ಕೆ ಮೊದಲ ಬಾರಿ ವಿದ್ಯುತ್ ಹರಿಸಿದಾಗ ಹೊಗೆ ಎದ್ದರೆ, ಮುಂದಿನ ಪರೀಕ್ಷೆಗಳಿಗೆ ಅರ್ಥವಿರುವುದಿಲ್ಲ. ಕೊಳವೆಗಳೊಳಗೆ ಹೊಗೆ ಹಾಯಿಸಿ ಸೋರಿಕೆ ಪತ್ತೆಹಚ್ಚುವ ಕ್ರಮಕ್ಕೂ ಇದೇ ಹೆಸರಿದೆ.

ವಿಧಾನ

ಇಲ್ಲಿ ಆಳಕ್ಕಿಂತ ಹರವು ಮುಖ್ಯ. ಬ್ಯಾಂಕಿನ ಜಾಲತಾಣವಾದರೆ, ಪುಟ ತೆರೆಯುವುದೇ, ಗ್ರಾಹಕರು ಲಾಗಿನ್ ಆಗಬಹುದೇ, ಖಾತೆಯ ಶಿಲ್ಕು ಕಾಣುವುದೇ, ಹಣ ವರ್ಗಾವಣೆಯಾಗುವುದೇ ಎಂಬಷ್ಟನ್ನೇ ನೋಡಲಾಗುತ್ತದೆ. ತಪ್ಪು ಪಾಸ್‌ವರ್ಡ್, ವರ್ಗಾವಣೆಯ ಮಿತಿ, ಬಡ್ಡಿಯ ಲೆಕ್ಕ ಮೊದಲಾದವು ಮುಂದಿನ ಹಂತಕ್ಕೆ ಸೇರಿದವು. ಈ ಮೂಲಭೂತ ಕಾರ್ಯಗಳಲ್ಲಿ ಒಂದು ವಿಫಲವಾದರೂ ಆವೃತ್ತಿಯನ್ನು ರಚನಕಾರರಿಗೆ ಹಿಂದಿರುಗಿಸಲಾಗುತ್ತದೆ. ಇದರಿಂದ ಪರೀಕ್ಷಕರ ಶ್ರಮವೂ ಕಾಲವೂ ಉಳಿಯುತ್ತವೆ.

ದೈನಂದಿನ ಬಳಕೆ

ಪ್ರತಿದಿನವೂ ಇಡೀ ತಂತ್ರಾಂಶವನ್ನು ಜೋಡಿಸಿ ಹೊಗೆ ಪರೀಕ್ಷೆಗೆ ಒಳಪಡಿಸುವ ಪದ್ಧತಿಯನ್ನು ಸ್ಟೀವ್ ಮೆಕ್‌ಕಾನೆಲ್ 1996ರಲ್ಲಿ ಐಇಇಇ ಸಾಫ್ಟ್‌ವೇರ್ ಪತ್ರಿಕೆಯಲ್ಲಿ ವಿವರಿಸಿದರು. ದೋಷವು ಅದೇ ದಿನ ಬಯಲಾದರೆ, ಹಿಂದಿನ ದಿನದಿಂದ ಆದ ಬದಲಾವಣೆಗಳಲ್ಲಷ್ಟೇ ಅದರ ಮೂಲವನ್ನು ಹುಡುಕಿದರೆ ಸಾಕು. ಇಂದು ಈ ಕಾರ್ಯವನ್ನು ಜೆಂಕಿನ್ಸ್‌ನಂತಹ ಸಾಧನಗಳ ಮೂಲಕ ಸ್ವಯಂಚಾಲಿತವಾಗಿ ನಡೆಸಲಾಗುತ್ತದೆ.

ಮಿತಿಗಳು

ಇದರಲ್ಲಿ ಉತ್ತೀರ್ಣವಾದ ತಂತ್ರಾಂಶವು ದೋಷಮುಕ್ತವೆಂದು ಅರ್ಥವಲ್ಲ. ಪರೀಕ್ಷಿಸಲು ಯೋಗ್ಯವೆಂದಷ್ಟೇ ಅರ್ಥ. ತಂತ್ರಾಂಶ ಬೆಳೆದಂತೆ ಪರೀಕ್ಷೆಯೂ ಬೆಳೆಯಬೇಕು. ಇಲ್ಲವಾದರೆ ಹೊಸ ಭಾಗಗಳು ಪರಿಶೀಲನೆಗೆ ಒಳಪಡದೆ ಉಳಿದು, ಫಲಿತಾಂಶವು ಹುಸಿ ಭರವಸೆಯಾಗುತ್ತದೆ.