ಉಡುಪಿಯಿಂದ ಮಂಗಳೂರಿಗೆ: ಕಡವು, ಬಸ್ಸು, ರೈಲು

ಉಡುಪಿಗೂ ಮಂಗಳೂರಿಗೂ ನಡುವಣ ದೂರ ಹೆಚ್ಚೆಂದರೆ 60 ಕಿಲೋಮೀಟರು. ಹಳಬರ ಲೆಕ್ಕದಲ್ಲಿ 36–37 ಮೈಲು. ಇಷ್ಟು ದೂರ ಹೋಗಲು ಇಂದು ನಮ್ಮ ಮುಂದೆ ಬಸ್ಸಿದೆ, ರೈಲಿದೆ, ಅನುಕೂಲವಿದ್ದವರಿಗೆ ಸ್ವಂತ ವಾಹನವಿದೆ. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಚಹಾದ ಜತೆಗೆ ಆಗಾಗ ನಡೆಯುವುದುಂಟು. ಒಬ್ಬರು ಗಂಟೆಯ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ಟಿಕೇಟಿನ ಲೆಕ್ಕ ಹೇಳುತ್ತಾರೆ. ಆದರೆ ಈ ದಾರಿಯ ಚರಿತ್ರೆಯನ್ನು ಬರೆದದ್ದು ಗಡಿಯಾರವೂ ಅಲ್ಲ, ಟಿಕೇಟೂ ಅಲ್ಲ. ನಡುವೆ ಅಡ್ಡಬಿದ್ದಿರುವ ಹೊಳೆಗಳು. ಸೇತುವೆಯ ಮೇಲೆ ಅರೆನಿಮಿಷದಲ್ಲಿ ದಾಟಿಹೋಗುವ ನಮಗೆ ಅವುಗಳ ನೆನಪೇ ಇಲ್ಲ.

ನಮ್ಮ ನಾಡಿನಲ್ಲಿ ಘಟ್ಟಕ್ಕೂ ಕಡಲಿಗೂ ಅಂತರ ಕಡಮೆ. ಮೇಲಿನಿಂದ ರಭಸವಾಗಿ ಇಳಿದುಬಂದ ಹೊಳೆ ಕಡಲ ಹತ್ತಿರ ಬಂದಾಗ ಮರಳಿನ ದಿಣ್ಣೆಗೆ ತಡೆದು, ಅಗಲವಾಗಿ, ಸೋಮಾರಿಯಾಗಿ ಮಲಗಿಬಿಡುತ್ತದೆ. ಉದ್ಯಾವರದ ಹೊಳೆಯನ್ನೇ ನೋಡಿ: ಅಲೆಯ ಸದ್ದು ಕೇಳುವಷ್ಟು ಸಮೀಪ ಬಂದರೂ ಕಡಲಿಗೆ ಬೀಳದೆ, ಬಡಗಲಿಗೆ ತಿರುಗಿ, ಕರೆಯುದ್ದಕ್ಕೂ ಹರಿದು ಮಲ್ಪೆಯಲ್ಲಿ ಸಮುದ್ರ ಸೇರುತ್ತದೆ. ಮೂಲ್ಕಿಯ ಶಾಂಭವಿಯೂ ಪಾವಂಜೆಯ ನಂದಿನಿಯೂ ಸಸಿಹಿತ್ಲಿನ ಬಳಿ ಒಂದಾಗುತ್ತವೆ. ಕೂಳೂರಿನಲ್ಲಿ ವಿಸ್ತಾರವಾಗಿ ಕಾಣುವ ಫಲ್ಗುಣಿ ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯ ಜತೆಗೂಡುತ್ತದೆ. ಕರೆಯ ಬದಿಯಿಂದಲೇ ಮಂಗಳೂರಿಗೆ ಹೊರಟವನು ಈ ನಾಲ್ಕನ್ನೂ ಅವುಗಳ ಅತ್ಯಂತ ಅಗಲವಾದ ಜಾಗದಲ್ಲಿ ದಾಟಬೇಕಾಗಿತ್ತು.

ಹಾಗಾಗಿ ಹಿಂದಿನ ಕಾಲದ ಪ್ರಯಾಣಿಕನ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು ಕಡಲು. ಮಲ್ಪೆಯಿಂದ ಮಂಗಳೂರಿನ ಬಂದರಕ್ಕೆ ಮಂಜಿ ಮಚ್ವೆಗಳು ಗಾಳಿ ನೋಡಿ ಹೊರಡುತ್ತಿದ್ದವು. ಅಕ್ಕಿ, ತೆಂಗಿನಕಾಯಿ, ಬಾಸೆಲ್ ಮಿಶನ್ನಿನವರು ಮಲ್ಪೆಯಲ್ಲಿ ಕಾರ್ಖಾನೆ ಹಾಕಿದ ಮೇಲೆ ಹಂಚು, ಇವೇ ಕಡಲ ದಾರಿಯ ಮುಖ್ಯ ಸರಕುಗಳು. ಮನುಷ್ಯನೆಂದರೆ ಸರಕಿನ ಮೇಲೆ ಕುಳಿತ ಮತ್ತೊಂದು ಸರಕು, ಅಷ್ಟೆ. ಗಾಳಿ ಒಲಿದರೆ ಇದಕ್ಕಿಂತ ಸುಖವಾದ ದಾರಿಯಿಲ್ಲ. ಆದರೆ ಮುಂಗಾರು ಕಾಲಿಟ್ಟಿತೆಂದರೆ ಈ ಬಾಗಿಲು ಮುಚ್ಚಿತು. ನೂಲಹುಣ್ಣಿಮೆಗೆ ತೆಂಗಿನಕಾಯಿ ಒಪ್ಪಿಸಿ ಸಮುದ್ರಪೂಜೆ ಮಾಡುವ ತನಕ ಕಡಲಿಗಿಳಿಯುವ ಮಾತಿಲ್ಲ.

ಎರಡನೆಯದು ಕರೆಯ ಬದಿಯ ದಾರಿ: ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಮೂಲ್ಕಿ, ಹಳೆಯಂಗಡಿ, ಸುರತ್ಕಲ್. ಬಡವರು ನಡೆದರು, ಉಳ್ಳವರು ಎತ್ತಿನ ಗಾಡಿಯಲ್ಲಿಯೋ ಬೋಯಿಗಳು ಹೊರುವ ಮೇನೆಯಲ್ಲಿಯೋ ಹೋದರು. ಹೊಳೆಯ ದಡಕ್ಕೆ ಬಂದಾಗ ಎಲ್ಲರೂ ಒಂದೇ ಕಡವಿನಲ್ಲಿ ದೋಣಿಗಾಗಿ ಕಾದರು. ಈ ದಾರಿಯಲ್ಲಿ ನಡಿಗೆಗೆ ಹಿಡಿದಷ್ಟೇ ಹೊತ್ತು ಕಾಯುವುದಕ್ಕೂ ಹಿಡಿಯುತ್ತಿತ್ತು ಎಂದರೆ ಹೆಚ್ಚಲ್ಲ.

ಮೂರನೆಯದೇ ನನ್ನನ್ನು ಬಹುವಾಗಿ ಆಕರ್ಷಿಸಿದ ದಾರಿ. ಉಡುಪಿಯಿಂದ ಮೂಡಲಿಗೆ ತಿರುಗಿ, ಹಿರಿಯಡ್ಕ, ಬೈಲೂರುಗಳ ಮೇಲೆ ಕಾರ್ಕಳಕ್ಕೆ. ಅಲ್ಲಿಂದ ತೆಂಕಲಿಗೆ ಮೂಡುಬಿದಿರೆ, ಗುರುಪುರಗಳ ಮೇಲೆ ಮಂಗಳೂರಿಗೆ. ಸುಮಾರು 90 ಕಿಲೋಮೀಟರು. ನೇರ ದಾರಿಯ ಒಂದೂವರೆ ಪಾಲು. ಸುತ್ತು ದಾರಿಯೆಂದು ಇಂದಿನವರು ನಗಬಹುದು. ಆದರೆ ಘಟ್ಟದ ಕಡೆಗೆ ಸರಿದಷ್ಟೂ ಹೊಳೆ ಕಿರಿದಾಗುತ್ತದೆ. ಬೇಸಗೆಯಲ್ಲಿ ಎಷ್ಟೋ ಕಡೆ ಕಾಲುನಡಿಗೆಯಲ್ಲಿಯೇ ದಾಟಬಹುದು. 1801ರ ಆರಂಭದಲ್ಲಿ, ಟಿಪ್ಪುವಿನ ಪತನದ ಬಳಿಕ ಕಂಪೆನಿ ಸರಕಾರದ ಪರವಾಗಿ ನಾಡನ್ನು ಅಳೆದು ನೋಡಲು ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಂಗಳೂರಿನಿಂದ ಉಡುಪಿಗೆ ಹೋದದ್ದು ಕರೆಯ ದಾರಿಯಿಂದಲ್ಲ. ಜಮಲಾಬಾದಿನ ಕಡೆಗೆ ಸಾಗಿ, ವೇಣೂರು, ಮೂಡುಬಿದಿರೆ, ಕಾರ್ಕಳ, ಹಿರಿಯಡ್ಕಗಳನ್ನು ನೋಡಿಕೊಂಡು. ಒಳನಾಡನ್ನು ನೋಡುವುದೇ ಅವನ ಕೆಲಸವಾಗಿತ್ತೆಂಬುದು ನಿಜ. ಆದರೆ ಆ ಊರುಗಳು ಒಂದರ ಹಿಂದೊಂದಾಗಿ ಅವನಿಗೆ ಸಿಕ್ಕಿದ್ದು ಅವು ಹಿಂದಿನಿಂದಲೂ ಒಂದು ದಾರಿಯ ಮೇಲೆ ಕುಳಿತಿದ್ದುದರಿಂದ.

ಆ ದಾರಿಯ ಹಿರಿಮೆಗೆ ಕಲ್ಲಿನ ಸಾಕ್ಷಿಯೇ ಇದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಇವೆರಡರ ನಡುವೆ ಇರುವುದು ಸುಮಾರು 18 ಕಿಲೋಮೀಟರು ದಾರಿ, ಎರಡು ವರ್ಷ ಕಾಲ. ಒಂದೇ ದಾರಿಯ ಮೇಲೆ ಇಷ್ಟು ಹತ್ತಿರದಲ್ಲಿ ಇಂಥ ಎರಡು ಕೆಲಸಗಳು ಆಗಬೇಕಾದರೆ ಘಟ್ಟಕ್ಕೂ ಬಂದರಕ್ಕೂ ನಡುವೆ ಓಡಾಡಿದ ಮೆಣಸು ಅಕ್ಕಿಗಳ ಹಣ ಅಲ್ಲಿ ನಿಂತಿರಬೇಕು ಎಂಬುದು ನನ್ನ ಊಹೆ. ಅಂದು ಕಾರ್ಕಳ ಮೂಲೆಯ ಊರಲ್ಲ, ಕಾಪುವೇ ಮೂಲೆ.

ಇನ್ನು ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1901ರಲ್ಲಿ ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದಿತು. 1907ರಲ್ಲಿ ತೆಂಕಣಿಂದ ಮಂಗಳೂರಿಗೆ ರೈಲು ಬಂದಿತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿ.ಪಿ.ಸಿ., ಮಂಗಳೂರಿನಲ್ಲಿ ಮೋಟಾರು ಬಸ್ಸುಗಳನ್ನು ಹೊರಡಿಸಿತು. ಹದಿಮೂರು ವರ್ಷಗಳೊಳಗೆ ಕಡಲಿಗೊಂದು ದೀಪ, ನೆಲಕ್ಕೊಂದು ಹಳಿ, ರಸ್ತೆಗೊಂದು ಯಂತ್ರ! ಮುಂದಿನ ಕಾಲ ಯಾವುದರದ್ದು ಎಂದು ಅಂದು ಯಾರನ್ನಾದರೂ ಕೇಳಿದ್ದರೆ ಹಡಗೆಂದೋ ರೈಲೆಂದೋ ಹೇಳುತ್ತಿದ್ದರೇ ಹೊರತು, ಗಡಗಡನೆ ನಡುಗುತ್ತ ಧೂಳೆಬ್ಬಿಸುವ ಆ ಬಸ್ಸನ್ನು ಯಾರೂ ಹೆಸರಿಸುತ್ತಿರಲಿಲ್ಲ.

ಇಂಗ್ಲೆಂಡಿನ ಮಾತನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ನಡುವೆ ಇರುವುದು ಸುಮಾರು 50 ಕಿಲೋಮೀಟರು. ಒಂದು ಬಂದರದ ಪಟ್ಟಣ, ಇನ್ನೊಂದು ನೂಲಿನ ಪಟ್ಟಣ. ಅಲ್ಲಿಯೂ ಕಾಲುವೆಯ ದೋಣಿಗೂ ಕುದುರೆಗಾಡಿಗೂ ಪೈಪೋಟಿಯಿತ್ತು. 1830ರ ಸೆಪ್ಟೆಂಬರ್ 15ರಂದು ರೈಲು ಓಡಿತು. ಕುದುರೆಗಾಡಿಗೆ ನಾಲ್ಕು ಗಂಟೆಗೂ ಮೇಲ್ಪಟ್ಟು ಬೇಕಾಗಿದ್ದ ದಾರಿ ಎರಡು ಗಂಟೆಯೊಳಗೆ ಮುಗಿಯತೊಡಗಿದಾಗ ಹೆಚ್ಚಿನ ಗಾಡಿಗಳು ಕೆಲವೇ ತಿಂಗಳಲ್ಲಿ ನಿಂತುಹೋದವು. ಮೋಟಾರು ಅಲ್ಲಿಗೆ ಬಂದದ್ದು ಮುಕ್ಕಾಲು ಶತಮಾನದ ಮೇಲೆ. ಅಷ್ಟರಲ್ಲಿ ಊರುಗಳು ರೈಲು ನಿಲ್ದಾಣಗಳ ಸುತ್ತ ಬೆಳೆದು ಗಟ್ಟಿಯಾಗಿದ್ದವು. ನಮ್ಮಲ್ಲಿ ಕ್ರಮ ತಿರುಗುಮುರುಗು. ಮಂಗಳೂರಿಗೆ 1907ರಲ್ಲಿ ಬಂದ ರೈಲು ಫಲ್ಗುಣಿಯನ್ನು ದಾಟಿ ಉಡುಪಿಗೆ ಬರಲು 86 ವರ್ಷ ತೆಗೆದುಕೊಂಡಿತು. ಆ ಎಂಬತ್ತಾರು ವರ್ಷಗಳಲ್ಲಿ ನಮ್ಮ ಊರುಗಳನ್ನು ಕಟ್ಟಿದ್ದು ಬಸ್ಸು.

ಕಟ್ಟಿತು ಎಂದರೂ ಸುಲಭವಾಗಿ ಅಲ್ಲ. ಕರೆಯ ದಾರಿಯ ಹೊಳೆಗಳಿಗೆ ಸೇತುವೆಯಿಲ್ಲದಿದ್ದಾಗ ಬಸ್ಸು ದಡದವರೆಗೆ ಬಂದು ನಿಲ್ಲುತ್ತಿತ್ತು. ಜನ ಗಂಟುಮೂಟೆ ತಲೆಯ ಮೇಲಿಟ್ಟುಕೊಂಡು ದೋಣಿ ಹತ್ತಿ, ಆಚೆ ದಡದಲ್ಲಿ ಕಾದು ನಿಂತ ಬೇರೆ ಬಸ್ಸನ್ನು ಏರಬೇಕು. ಕಾರುಗಳನ್ನು ದಾಟಿಸಲು ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸುತ್ತಿದ್ದರು. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ತತ್ವಾರ ಬಂದಾಗ ಬಸ್ಸುಗಳ ಹಿಂದೆ ಇದ್ದಲಿನ ಒಲೆ ಕಟ್ಟಿ, ಅದರ ಅನಿಲದಿಂದ ಓಡಿಸಿದರು. ಏರುದಾರಿಯಲ್ಲಿ ಟಿಕೇಟು ಕೊಟ್ಟವರೇ ಇಳಿದು ನೂಕುವುದು ಮಾಮೂಲಿಯಾಗಿತ್ತು. ಮಳೆಗಾಲದಲ್ಲಿ ಕೆಂಪುನೀರು ಏರಿದರೆ ಕಡವೇ ನಿಂತುಹೋಗುವುದು. ಆಗ ಅವಸರವಿದ್ದವನಿಗೆ ಕಾರ್ಕಳದ ಸುತ್ತುದಾರಿಯೇ ಗತಿ; ಬುಕಾನನ್ನನ ದಾರಿ ನೂರೈವತ್ತು ವರ್ಷದ ಬಳಿಕವೂ ಕೆಲಸಕ್ಕೆ ಬರುತ್ತಿತ್ತು.

ಈ ಕಾಯುವಿಕೆ ಬರಿಯ ಹೊತ್ತಿನ ನಷ್ಟವಾಗಿರಲಿಲ್ಲ. ನನ್ನ ಅಜ್ಜಿಯ ತವರು ಕಾಪು. ಅವರ ತಂಗಿ, ನಾವು ಚಿಕ್ಕಜ್ಜಿ ಎನ್ನುತ್ತಿದ್ದವರು, 1940ರ ದಶಕದ ಮೊದಲಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದರು, ಆ ಮನೆಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣುಮಗಳು. ಮುಂದೆ ಓದಬೇಕೆಂದರೆ ಮಂಗಳೂರು. ಅಲ್ಲಿ ಹುಡುಗರಿಗೆ 1880ರಿಂದ ಸೈಂಟ್ ಅಲೋಶಿಯಸ್ ಇತ್ತು, ಹುಡುಗಿಯರಿಗೆ 1921ರಿಂದ ಸೈಂಟ್ ಆಗ್ನೆಸ್ ಇತ್ತು. ಕಾಪುವಿನಿಂದ ಮಂಗಳೂರು ಹತ್ತೆಂಟು ಊರಾಚೆ, ಆದರೆ ಮೂರು ಹೊಳೆಯಾಚೆ. ಅವರ ತಂದೆ ಹಳೆಯ ಕಾಲದವರಾದರೂ ಓದಿನ ವಿರೋಧಿಯಲ್ಲ. "ಜ್ವರ ಬಂತೆಂದು ತಂತಿ ಬಂದರೆ ನಾನು ಮೂಲ್ಕಿಯ ದಡದಲ್ಲಿ ಕೂತು ನೀರು ಇಳಿಯುವುದನ್ನು ಕಾಯಲೆ?" ಎಂದರಂತೆ. ಮಾತು ಅಲ್ಲಿಗೆ ಮುಗಿಯಿತು. ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜು ಆರಂಭವಾದದ್ದು 1949ರಲ್ಲಿ. ಅಷ್ಟರಲ್ಲಿ ಚಿಕ್ಕಜ್ಜಿ ಎರಡು ಮಕ್ಕಳ ತಾಯಿ. ಅವರು ಇದನ್ನು ದೂರಾಗಿ ಹೇಳಿದವರಲ್ಲ. ಆದರೆ ಹೊಸ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ನೀರನ್ನು ಬಗ್ಗಿ ನೋಡುವ ಅಭ್ಯಾಸ ಅವರಿಗೆ ಕೊನೆಯವರೆಗೂ ಇತ್ತೆಂದು ನನ್ನ ತಾಯಿ ಹೇಳುತ್ತಾರೆ.

ಸ್ವಾತಂತ್ರ್ಯದ ಬಳಿಕ ಕರೆಯ ದಾರಿಗೆ ಸೇತುವೆಗಳು ಬಂದವು. ಕೂಳೂರಿನ ಹಳೆಯ ಕಮಾನು ಸೇತುವೆ 1950ರ ದಶಕದ್ದು. ನಮ್ಮ ಪಟ್ಟಣಗಳ ಭಾಗ್ಯ ತಿರುಗಿದ್ದು ಆಗ. ಮಣಿಪಾಲವನ್ನೇ ತೆಗೆದುಕೊಳ್ಳಿ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಆ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ತೆರೆದಾಗ ಅಲ್ಲಿ ದೊಡ್ಡ ಆಸ್ಪತ್ರೆಯಿರಲಿಲ್ಲ. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ಬದಿಯ ಪಾಠ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಎಂದು ಏರ್ಪಾಡಾಯಿತು. ಒಂದು ಕಾಲೇಜು ಎರಡು ಊರುಗಳಲ್ಲಿ ಕಾಲಿಟ್ಟು ನಿಲ್ಲುವ ಧೈರ್ಯ ಮಾಡಬೇಕಾದರೆ ನಡುವಣ ದಾರಿಯ ಮೇಲೆ ನಂಬಿಕೆ ಬೇಕು. ಚಿಕ್ಕಜ್ಜಿಯ ತಂದೆಗಿಲ್ಲದ ಆ ನಂಬಿಕೆ ಹತ್ತು ವರ್ಷಗಳಲ್ಲಿ ಹುಟ್ಟಿಕೊಂಡಿತ್ತು.

ಇತ್ತ ಹನುಮಾನ್, ಶಂಕರ ವಿಠಲ ಮೊದಲಾದ ಹೆಸರುಗಳು ಮನೆಮಾತಾದವು. ರಾಜ್ಯದ ಬೇರೆಡೆಗಳಲ್ಲಿ ಬಸ್ಸು ಸಾರಿಗೆ ಸರಕಾರದ ಕೈಗೆ ಹೋದರೂ ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸು ಉಳಿದುಕೊಂಡಿತು. ಅದರ ಅತಿವೇಗ, ಹಾರನ್ನಿನ ಹಾವಳಿ, ಬಾಗಿಲಲ್ಲಿ ನೇತಾಡುವ ಕಂಡಕ್ಟರನ ಕೂಗು, ಇವನ್ನೆಲ್ಲ ನಾನು ಹೊಗಳಲಾರೆ. ಆದರೆ ಅದು ಕೈ ತೋರಿಸಿದಲ್ಲಿ ನಿಂತಿತು. ಮೀನಿನ ಬುಟ್ಟಿಯವರು, ಮಠಕ್ಕೆ ಹೋಗುವವರು, ಕೋರ್ಟಿಗೆ ಹೋಗುವವರು ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತರು. ಮೇನೆಯ ಕಾಲದ ನಮ್ಮ ಸಮಾಜಕ್ಕೆ ಇದು ಸಣ್ಣ ಮಾತಲ್ಲ. ಕಡವಿನ ದೋಣಿ ಕಲಿಸಿದ ಪಾಠವನ್ನು ಬಸ್ಸು ದಿನನಿತ್ಯದ ಅಭ್ಯಾಸವಾಗಿಸಿತು.

ಕೊಂಕಣ ರೈಲ್ವೆಯ ಮಂಗಳೂರು–ಉಡುಪಿ ಭಾಗದಲ್ಲಿ ರೈಲು ಓಡಿದ್ದು 1993ರ ಮಾರ್ಚ್ 20ರಂದು. ಹಳಿ ಸುರತ್ಕಲ್, ಮೂಲ್ಕಿ, ನಂದಿಕೂರು, ಪಡುಬಿದ್ರಿ, ಇನ್ನಂಜೆಗಳ ಮೇಲೆ ಬಂದು ಉಡುಪಿಗೂ ಮಣಿಪಾಲಕ್ಕೂ ನಡುವಣ ಇಂದ್ರಾಳಿಯನ್ನು ಮುಟ್ಟುತ್ತದೆ. ರೈಲು ಬಂದರೆ ಬಸ್ಸು ಬಡವಾಗುತ್ತದೆ ಎಂದು ಎಣಿಸಿದವರು ಲಿವರ್‌ಪೂಲನ್ನು ನೆನೆದಿರಬೇಕು. ಹಾಗಾಗಲಿಲ್ಲ. ರೈಲಿನಲ್ಲಿ ಕುಳಿತ ಮೇಲೆ ಸುಖವೇ; ಆದರೆ ಉಡುಪಿಯ ಪೇಟೆಯಿಂದ ಇಂದ್ರಾಳಿಗೆ ಹೋಗಲು ಒಂದು ರಿಕ್ಷಾ, ಎಷ್ಟೋ ರೈಲುಗಳು ನಿಲ್ಲುವ ಮಂಗಳೂರು ಜಂಕ್ಷನ್ನಿನಿಂದ ಹಂಪನಕಟ್ಟೆಗೆ ಬರಲು ಇನ್ನೊಂದು ರಿಕ್ಷಾ. ಮೇಲಾಗಿ ಅದು ಹೊರಡುವುದು ತನ್ನ ಹೊತ್ತಿಗೆ, ನಮ್ಮ ಹೊತ್ತಿಗಲ್ಲ. ಒಂದು ಬಸ್ಸು ತಪ್ಪಿದರೆ ಇನ್ನೊಂದು ಹಿಂದೆಯೇ ಬರುವಾಗ, ಒಂದೂವರೆ ಗಂಟೆಯ ದಾರಿಗೆ ಯಾರು ವೇಳಾಪಟ್ಟಿ ನೋಡುತ್ತಾರೆ?

ನಿಜವಾಗಿ ರೈಲು ಕಸಿದುಕೊಂಡದ್ದು ಬಸ್ಸಿನ ಜಾಗವನ್ನಲ್ಲ. ಎಂದೋ ಮರೆಯಾದ ಹಡಗಿನ ಜಾಗವನ್ನು. ನಮ್ಮ ಕರಾವಳಿಯ ಹುಡುಗರು ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೋಗುತ್ತಿದ್ದುದು ಸ್ಟೀಮರುಗಳಲ್ಲಿ. ಆಮೇಲೆ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ರಾತ್ರಿಯಿಡೀ ಬಸ್ಸಿನಲ್ಲಿ. 1998ರ ಜನವರಿಯಲ್ಲಿ 741 ಕಿಲೋಮೀಟರಿನ ಕೊಂಕಣ ಹಳಿ ಪೂರ್ತಿಯಾದ ಮೇಲೆ ಮುಂಬಯಿ ಮತ್ತೆ ಕರೆಯ ದಾರಿಯಲ್ಲಿಯೇ ಸಿಕ್ಕಿತು, ಅದೂ ಮಳೆಗಾಲದಲ್ಲಿಯೂ. ಇಂದ್ರಾಳಿಯ ನಿಲ್ದಾಣದಲ್ಲಿ ಉಪ್ಪಿನಕಾಯಿ ಭರಣಿ, ಹಲಸಿನ ಹಪ್ಪಳದ ಕಟ್ಟು ಹಿಡಿದು ನಿಂತವರನ್ನು ನೋಡಿದರೆ ಅವರು ಮಂಗಳೂರಿಗೆ ಹೊರಟವರಲ್ಲ ಎಂದು ತಿಳಿಯುತ್ತದೆ.

ಹೀಗೆ ಹೇಳುವಾಗ ಕಾರ್ಕಳವನ್ನು ಬಿಟ್ಟರೆ ಅನ್ಯಾಯವಾದೀತು. ಸೇತುವೆಗಳು ಕರೆಯ ದಾರಿಯನ್ನು ನೇರಮಾಡಿದಾಗ ಉಡುಪಿ–ಮಂಗಳೂರಿನ ಸಂಚಾರ ಕಾರ್ಕಳವನ್ನು ಕೈಬಿಟ್ಟಿತು. ಹಳಿ ಬಂದಾಗ ಅದೂ ಕರೆಯ ಬದಿಯಲ್ಲಿಯೇ ಹೋಯಿತು. ಐದುನೂರು ವರ್ಷ ದಾರಿಯ ನಡುಮನೆಯಾಗಿದ್ದ ಊರು ಬದಿಯ ಕೋಣೆಯಾಯಿತು. ಕಾರ್ಕಳದವರು ರೈಲು ಹಿಡಿಯಬೇಕಾದರೆ ಬೆಳ್ಮಣ್ಣಿನ ಮೇಲೆ ಕರೆಯ ಕಡೆಗೋ, ಬೈಲೂರಿನ ಮೇಲೆ ಉಡುಪಿಗೋ ಮೊದಲು ಬಸ್ಸು ಹತ್ತಬೇಕು. ನನ್ನ ತರಗತಿಗೆ ಕಾರ್ಕಳದ ಕಡೆಯಿಂದ ಬರುವ ಹುಡುಗಿಯರು ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತಾರೆ. ಮಳೆಗಾಲದಲ್ಲಿ ಒದ್ದೆ ಕೊಡೆಗಳನ್ನು ಗೋಡೆಗೆ ಒರಗಿಸಿ ಮೊದಲ ಬೆಂಚಿನಲ್ಲಿಯೇ ಕುಳಿತುಕೊಳ್ಳುತ್ತಾರೆ. ಸಂಜೆ ನಾಲ್ಕೂವರೆಗೆ ಅದೇ ಬಸ್ಸು ಅವರನ್ನು ಪರ್ಕಳ, ಹಿರಿಯಡ್ಕ, ಬೈಲೂರುಗಳ ಮೇಲೆ ಮನೆಗೆ ಒಯ್ಯುತ್ತದೆ.