ಹುಳು ಕಲಿಸಿದ ಹಲ್ಲು: ಮರ ಕೊಯ್ಯುವ ಸರಪಳಿಯ ಕಥೆ

ಮರ ಕೊಯ್ಯುವ ಯಂತ್ರವೆಂದರೆ ಕಣ್ಣಿಗೆ ಬೀಳುವುದು ಅದರ ಎಂಜಿನ್, ಕಿವಿಗೆ ಬೀಳುವುದು ಅದರ ಆರ್ಭಟ. ಆದರೆ ಮರವನ್ನು ಕೊಯ್ಯುವುದು ಎಂಜಿನ್ ಅಲ್ಲ. ಮುಂದಕ್ಕೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿ, ಅದರ ಅಂಚಿನ ಸೀಳಿನಲ್ಲಿ ಓಡುವ ಹಲ್ಲಿನ ಸರಪಳಿ, ಇವೆರಡೇ ಆ ಕೆಲಸ ಮಾಡುವುದು. ಪಟ್ಟಿಗೆ ಬಾರ್ ಎಂದೂ ಸರಪಳಿಗೆ ಚೈನು ಎಂದೂ ಅಂಗಡಿಯಲ್ಲಿ ಹೆಸರು. ಎಂಜಿನ್ ವರ್ಷಗಟ್ಟಲೆ ಬಾಳಬಹುದು, ಚೈನು ಮತ್ತು ಬಾರ್ ಮಾತ್ರ ಮೊದಲ ದಿನದಿಂದಲೇ ಸವೆಯತೊಡಗುತ್ತವೆ. ಅವನ್ನು ಬದಲಿಸುವಾಗ ಯಾವುದನ್ನು ಕೊಳ್ಳಬೇಕು? ದಿನಗೂಲಿಯ ಮೇಲೆ ಬದುಕುವ ಮರ ಕೊಯ್ಯುವವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಹೊಂದದ ಚೈನು ಹಾಕಿಕೊಂಡರೆ ದುಡ್ಡು ಹೋಗುತ್ತದೆ, ಕೆಲಸ ಕೆಡುತ್ತದೆ, ಕೆಲವೊಮ್ಮೆ ಜೀವಕ್ಕೇ ಕುತ್ತು ಬರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಇಲ್ಲಿನ ಮರ ಗಟ್ಟಿ, ನೆಲ ಒಣ, ಗಾಳಿಯಲ್ಲಿ ಧೂಳು. ಹೊಲದ ಬದು, ಕೆರೆಯಂಗಳ, ರಸ್ತೆಯ ಬದಿ ಎಲ್ಲೆಲ್ಲೂ ಹಬ್ಬಿರುವ ಬಳ್ಳಾರಿ ಜಾಲಿಯೇ ಸೌದೆಗೂ ಇದ್ದಿಲಿಗೂ ಒದಗುವ ಮರ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಇಲ್ಲಿಯದಲ್ಲ, ಅಮೆರಿಕ ಖಂಡದ್ದು. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು 1870ರ ದಶಕದಲ್ಲಿ ಜಮೈಕಾದಿಂದ ಬೀಜ ತರಿಸಿ, 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿಸಿದರು. ಆಗ ಬಳ್ಳಾರಿ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಈ ಸೀಮೆಯ ಹಳ್ಳಿಗಳು ಧಾತು ಈಶ್ವರ ಸಂವತ್ಸರಗಳ ಭೀಕರ ಬರದಿಂದ ತತ್ತರಿಸುತ್ತಿದ್ದ ವರ್ಷಗಳವು. ನೀರಿಲ್ಲದೆಯೂ ಬೆಳೆದು ಉರುವಲು ಕೊಡುವ ಮರ ಬೇಕಾಗಿತ್ತು, ಸಿಕ್ಕಿತು. ಮುಂದೆ ಅದು ಬೇಡವೆಂದರೂ ಬಿಡಲಿಲ್ಲ.

ಯಂತ್ರ ಬರುವ ಮೊದಲು ಇಲ್ಲಿ ಮರ ಉರುಳಿಸಲು ಕೊಡಲಿಯಿತ್ತು, ಹಲಗೆ ಸೀಳಲು ಗರಗಸವಿತ್ತು. ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ ನಿಂತು ಗರಗಸ ಎಳೆಯುವ ದೃಶ್ಯವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಕರಿಜಾಲಿಯಿಂದ ಗಾಡಿಯ ಚಕ್ರ, ನೇಗಿಲು ಆಗುತ್ತಿದ್ದುದು ಹೀಗೆಯೇ. ಆ ಗರಗಸಕ್ಕೆ ಪ್ರಾಣವೆಂದರೆ ಅರ. ಹಲ್ಲಿಗೆ ಅರ ಹಾಕಿ ಮೊನೆ ತೆಗೆಯುವುದು, ಒಂದು ಹಲ್ಲನ್ನು ಎಡಕ್ಕೆ, ಮತ್ತೊಂದನ್ನು ಬಲಕ್ಕೆ ಬಾಗಿಸುವುದು ಕೈ ಪಳಗಿದವರ ಕೆಲಸ. ಹಾಗೆ ಬಾಗಿಸದಿದ್ದರೆ ಗರಗಸ ಮರದೊಳಗೆ ಸಿಕ್ಕಿಬೀಳುತ್ತದೆ. ಈ ಎಡ-ಬಲದ ಲೆಕ್ಕವನ್ನು ನೆನಪಿಡಬೇಕು, ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಸರಪಳಿಗೆ ಹಲ್ಲು ಕೂಡಿಸಿದ ಮೊದಲಿಗರು ಮರ ಕಡಿಯುವವರಲ್ಲ, ವೈದ್ಯರು ಎಂದರೆ ಆಶ್ಚರ್ಯವಾದೀತು. 1780ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್‌ಕೆನ್ ಮತ್ತು ಜೇಮ್ಸ್ ಜೆಫ್ರೆ ಎಂಬ ವೈದ್ಯರು ಮೂಳೆ ಕೊಯ್ಯಲು ಹಲ್ಲಿನ ಸಣ್ಣ ಸರಪಳಿಯೊಂದನ್ನು ಯೋಚಿಸಿದರು. ಎರಡು ತುದಿಗೂ ಹಿಡಿಕೆ, ಅತ್ತಿತ್ತ ಎಳೆದರೆ ಕೊಯ್ತ. ಕಷ್ಟದ ಹೆರಿಗೆಯಲ್ಲಿ ಕಿಬ್ಬೊಟ್ಟೆಯ ಮೂಳೆಯ ಸಂದನ್ನು ಬಿಡಿಸುವುದು, ರೋಗ ಹಿಡಿದ ಮೂಳೆಯನ್ನು ತೆಗೆಯುವುದು ಅದರ ಉದ್ದೇಶ. ಮರಕ್ಕೂ ಅದಕ್ಕೂ ಆಗ ಸಂಬಂಧವೇ ಇರಲಿಲ್ಲ.

ಸರಪಳಿ ಮರಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಯಂತ್ರ ಮಾಡಿದ. ತೂಕ 48 ಕಿಲೊ, ಹಿಡಿಯಲು ಇಬ್ಬರು ಬೇಕು. ಮರುವರ್ಷ ಅದೇ ದೇಶದ ಎಮಿಲ್ ಲೆರ್ಪ್ ಪೆಟ್ರೋಲಿನ ಯಂತ್ರವನ್ನು ಡೋಲ್ಮಾರ್ ಬೆಟ್ಟದಲ್ಲಿ ಪರೀಕ್ಷಿಸಿದ. ಸ್ಟಿಲ್ ಕಂಪನಿಯ ಒಬ್ಬನೇ ಹಿಡಿಯಬಹುದಾದ ಪೆಟ್ರೋಲ್ ಯಂತ್ರ ಬರಲು 1950 ಆಗಬೇಕಾಯಿತು. ಎಂಜಿನ್ ಏನೋ ಸುಧಾರಿಸಿತು, ಹಲ್ಲು ಮಾತ್ರ ಬಹುಕಾಲ ಹಳೆಯ ಗರಗಸದ ನಕಲಾಗಿಯೇ ಉಳಿದಿತ್ತು. ಮರವನ್ನು ಪರಚುತ್ತಿತ್ತು, ಬೇಗ ಮೊಂಡಾಗುತ್ತಿತ್ತು, ಅಷ್ಟೂ ಹಲ್ಲಿಗೆ ಅರ ಹಾಕುವುದರಲ್ಲೇ ಹೊತ್ತು ಕಳೆಯುತ್ತಿತ್ತು.

ಬಿಡಿಸಿದ್ದು ಒಂದು ಹುಳು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಬೊಡ್ಡೆಯೊಂದನ್ನು ತಿನ್ನುತ್ತಿದ್ದ ದುಂಬಿಯ ಮರಿಹುಳುವನ್ನು ಗಮನಿಸಿದ. ಬೆರಳಿನಷ್ಟು ದಪ್ಪದ ಹುಳು. ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಿಂದ ಕೊರೆದುಕೊಂಡು ಹೋಗುತ್ತಿತ್ತು. ಅದು ಪರಚುತ್ತಿರಲಿಲ್ಲ; ಎಡದವಡೆ ಬಲದವಡೆಗಳಿಂದ ಚಕ್ಕೆ ಎಬ್ಬಿಸುತ್ತಿತ್ತು. ಕಾಕ್ಸ್ ಅದೇ ದವಡೆಯನ್ನು ಉಕ್ಕಿನಲ್ಲಿ ಮಾಡಿದ. ಮೇಲಂಚು ಬಾಗಿದ ಹಲ್ಲು, ಒಂದು ಎಡಕ್ಕೆ, ಮುಂದಿನದು ಬಲಕ್ಕೆ. 1947ರಲ್ಲಿ ಅದು ಪೇಟೆಗೆ ಬಂತು. ಇಂದು ನಮ್ಮ ಊರುಗಳಲ್ಲಿ ಮಾರಾಟವಾಗುವ ಚೈನುಗಳೂ ಹೆಚ್ಚುಕಡಿಮೆ ಆ ಹಲ್ಲಿನ ಸಂತತಿಯೇ.

ಇಷ್ಟು ತಿಳಿದರೆ ಅಂಗಡಿಯ ಲೆಕ್ಕ ಸುಲಭ. 'ಹದಿನೆಂಟು ಇಂಚಿನ ಚೈನು ಕೊಡಿ' ಎಂದರೆ ಸಾಲದು, ಇನ್ನೂ ಮೂರು ಸಂಖ್ಯೆ ಬೇಕು. ಮೊದಲನೆಯದು ಪಿಚ್. ಸಾಲಾಗಿ ಮೂರು ರಿವಿಟ್‌ಗಳ ನಡುವಿನ ಅಂತರ ಅಳೆದು ಅರ್ಧ ಮಾಡಿದರೆ ಬರುವುದು ಇದು. ರಿವಿಟ್‌ಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲವಾದ್ದರಿಂದ ಹೀಗೆ ಸರಾಸರಿ ತೆಗೆಯುತ್ತಾರೆ. ಸಾಮಾನ್ಯವಾಗಿ ಸಿಗುವುದು .325 ಇಂಚು ಮತ್ತು 3/8 ಇಂಚು. ಚೈನನ್ನು ತಿರುಗಿಸುವ ಹಲ್ಲುಗಾಲಿ, ಅಂದರೆ ಸ್ಪ್ರಾಕೆಟ್, ಅದೇ ಪಿಚ್ಚಿನದಾಗಿರಬೇಕು. ಸಣ್ಣ ಯಂತ್ರಗಳಿಗೆ 3/8ರಲ್ಲೇ ತಗ್ಗು ಹಲ್ಲಿನ ಬೇರೊಂದು ಜಾತಿ ಇದೆ. ಸಂಖ್ಯೆ ಒಂದೇ ಎಂದು ಒಂದರ ಬದಲು ಇನ್ನೊಂದನ್ನು ಹಾಕಬಾರದು.

ಎರಡನೆಯದು ಗೇಜು. ಬಾರಿನ ಸೀಳಿನೊಳಗೆ ಇಳಿಯುವ ಕೊಂಡಿಯ ದಪ್ಪ ಇದು. 1.3, 1.5, 1.6 ಮಿಲಿಮೀಟರ್ ಹೆಚ್ಚು ಬಳಕೆಯವು. ಕೊಂಡಿ ದಪ್ಪವಾದರೆ ಸೀಳಿಗೆ ಇಳಿಯುವುದೇ ಇಲ್ಲ. ತೆಳುವಾದರೆ ಇಳಿಯುತ್ತದೆ, ಆದರೆ ವಾಲಾಡಿ ಕೊಯ್ತವನ್ನು ಸೊಟ್ಟ ಮಾಡುತ್ತದೆ. ಮೂರನೆಯದು ಆ ಕೊಂಡಿಗಳ ಎಣಿಕೆ. .325 ಪಿಚ್ಚಿನ ಹದಿನೆಂಟು ಇಂಚಿನ ಬಾರಿಗೆ ಒಂದು ಕಂಪನಿಯಲ್ಲಿ 72 ಕೊಂಡಿಯಾದರೆ ಇನ್ನೊಂದರಲ್ಲಿ 74 ಇರಬಹುದು. ಎರಡೇ ಕೊಂಡಿಯ ವ್ಯತ್ಯಾಸ, ಆದರೆ ಚೈನು ಒಂದೋ ಏರುವುದಿಲ್ಲ, ಇಲ್ಲವೇ ಜೋತುಬೀಳುತ್ತದೆ. ಈ ವಿವರಗಳನ್ನು ಬಾರಿನ ಬುಡದಲ್ಲಿ ಒತ್ತಿರುವುದು ರೂಢಿ. ಅಕ್ಷರ ಅಳಿಸಿಹೋಗಿದ್ದರೆ ಹಳೆಯ ಚೈನನ್ನೇ ಅಂಗಡಿಗೆ ಒಯ್ದು ಎಣಿಸುವುದು ಮೇಲು.

ಇನ್ನು ಹಲ್ಲಿನ ಆಕಾರ. ಮೂಲೆ ಚೂಪಾಗಿ ಚೌಕವಾಗಿರುವ ಹಲ್ಲು ಹಸಿಯಾದ, ಮೆತ್ತನೆಯ, ಚೊಕ್ಕಟ ಮರದಲ್ಲಿ ಬಲು ವೇಗ. ಒಣಗಿದ ಜಾಲಿ, ಹುಣಸೆಗಳಲ್ಲಿ ಅದರ ಮೂಲೆ ಬೇಗ ಉದುರುತ್ತದೆ. ತೊಗಟೆಯಲ್ಲಿ ಕೂತ ಮಣ್ಣಿನ ಕಣವೇ ಅರದಂತೆ ಅದನ್ನು ತೇಯುತ್ತದೆ. ಮೂಲೆ ದುಂಡಗಿರುವ ಹಲ್ಲು ತುಸು ನಿಧಾನವಾದರೂ ಮೊನೆ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಗಡಿಯಲ್ಲಿ ಇದಕ್ಕೆ ಸೆಮಿ ಚಿಸೆಲ್ ಎನ್ನುತ್ತಾರೆ. ನಮ್ಮ ಸೀಮೆಯ ಕೆಲಸಕ್ಕೆ ಒಗ್ಗುವುದು ಇದೇ. ಎಷ್ಟೇ ಒಳ್ಳೆಯ ಚೈನಾದರೂ ನೆಲಕ್ಕೆ ಒಮ್ಮೆ ತಾಗಿದರೆ ಮೊಂಡು. ಬೇಲಿಯ ತಂತಿಯನ್ನೋ ಮೊಳೆಯನ್ನೋ ನುಂಗಿ ಬೆಳೆದ ರಸ್ತೆಬದಿಯ ಮರದ ಮುಂದಂತೂ ಯಾವ ಹಲ್ಲಿನ ಆಟವೂ ನಡೆಯದು.

ಬಾರ್ ಕೊಳ್ಳುವಾಗ ಉದ್ದದ ಆಸೆಗೆ ಬೀಳುವುದು ಸಾಮಾನ್ಯ. 45ರಿಂದ 50 ಸಿಸಿಯ ಎಂಜಿನ್ನಿಗೆ 16 ಅಥವಾ 18 ಇಂಚಿನ ಬಾರ್ ಸಾಕು. ಉದ್ದ ಹೆಚ್ಚಿದಷ್ಟೂ ಎಂಜಿನ್ ತಿಣುಕುತ್ತದೆ, ಹತೋಟಿ ತಪ್ಪುತ್ತದೆ. ಹಳೆಯ ಬಾರನ್ನು ಎಸೆಯುವ ಮೊದಲು ಅದರ ಅಂಚನ್ನು ನೋಡಬೇಕು. ಮುಳ್ಳಿನಂತೆ ಎದ್ದ ಉಕ್ಕನ್ನು ಅರದಿಂದ ತೆಗೆಯಬಹುದು. ಸೀಳು ಅಗಲವಾಗಿ ಚೈನು ವಾಲಾಡುತ್ತಿದ್ದರೆ, ಅಥವಾ ಕೊಂಡಿಯ ತುದಿ ಸೀಳಿನ ತಳಕ್ಕೆ ತಾಗುತ್ತಿದ್ದರೆ ಅದರ ಕಾಲ ಮುಗಿಯಿತು. ಆಗಾಗ್ಗೆ ಬಾರನ್ನು ಮೇಲೆಕೆಳಗೆ ಮಾಡಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಎರಡು ಚೈನು ಸವೆಯುವ ಹೊತ್ತಿಗೆ ಸ್ಪ್ರಾಕೆಟ್ಟನ್ನೂ ಬದಲಿಸುವುದು ಲೇಸು. ಸವೆದ ಗಾಲಿಗೆ ಹೊಸ ಚೈನು ಹಾಕಿದರೆ ಗಾಲಿ ಚೈನನ್ನು ತಿನ್ನುತ್ತದೆ.

ಪ್ರಾಣಾಪಾಯದ ಮಾತನ್ನೂ ಹೇಳಬೇಕು. ಓಡುವ ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಯಂತ್ರ ಕಣ್ಣುಮಿಟುಕಿಸುವಷ್ಟರಲ್ಲಿ ಮುಖದತ್ತ ಸಿಡಿಯುತ್ತದೆ. ಪ್ರತಿ ಹಲ್ಲಿನ ಮುಂದೆಯೂ ಒಂದು ಚಿಕ್ಕ ದಿಬ್ಬ ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂಬುದನ್ನು ತೀರ್ಮಾನಿಸುವುದು ಅದೇ. ಸುಮಾರು 0.65 ಮಿಲಿಮೀಟರ್‌ನಷ್ಟು ಮಾತ್ರ ಅದು ಹಲ್ಲಿಗಿಂತ ತಗ್ಗಿರಬೇಕು. ಬೇಗ ಕೊಯ್ಯಲೆಂದು ಅದನ್ನು ಇನ್ನಷ್ಟು ಉಜ್ಜಿಬಿಟ್ಟರೆ ಹಲ್ಲು ಮಿತಿಮೀರಿ ಕಚ್ಚುತ್ತದೆ, ಯಂತ್ರ ಸಿಡಿಯುವ ಭಯವೂ ಹೆಚ್ಚುತ್ತದೆ. ಅಗ್ಗದ ಚೈನು ಕಡಿದು ಹಾರುವುದಕ್ಕಿಂತ ತಪ್ಪಾಗಿ ಅರ ಹಾಕಿದ ಒಳ್ಳೆಯ ಚೈನೇನೂ ಕಡಿಮೆ ಅಪಾಯದ್ದಲ್ಲ. ಅರದ ಸುತ್ತಳತೆಯೂ ಪಿಚ್ಚಿಗೆ ತಕ್ಕಂತಿರಬೇಕು. .325ಕ್ಕೆ 4.8 ಮಿಲಿಮೀಟರ್ ವ್ಯಾಸದ ದುಂಡು ಅರ, ತಗ್ಗು ಹಲ್ಲಿನ 3/8ಕ್ಕೆ 4 ಮಿಲಿಮೀಟರಿನದು.

ಯಾವ ಮರಕ್ಕೆ ಯಂತ್ರ ಇಡಬಹುದೆಂಬುದು ಕೊನೆಯ ಪ್ರಶ್ನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ಅರಣ್ಯಾಧಿಕಾರಿಯ ಅನುಮತಿ ಬೇಕು. ಬಳ್ಳಾರಿ ಜಾಲಿಯೂ ಸೇರಿ ಕೆಲವು ಜಾತಿಗಳಿಗೆ ಅದರಲ್ಲಿ ವಿನಾಯಿತಿ ಇದೆ. ಕರಿಜಾಲಿಯ ಮಾತು ಬೇರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ನೀರಿನಲ್ಲಿ ನಿಂತಿರುವ ಕರಿಜಾಲಿ ಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಎರಡೂ ಜಾಲಿಗಳ ಹೆಸರು ಒಂದೇ, ಮುಳ್ಳು ಒಂದೇ. ಚೈನಿಗೆ ಅವುಗಳ ನಡುವೆ ವ್ಯತ್ಯಾಸ ತಿಳಿಯದು. ಅದನ್ನು ತಿಳಿಯಬೇಕಾದವನು ಯಂತ್ರ ಹಿಡಿದವನು.

ಇಬ್ಬರು ಎಳೆಯುತ್ತಿದ್ದ ಗರಗಸ ಮೂಲೆ ಸೇರಿತು, ಎಳೆಯುವ ಜೋಡಿಗಳೂ ಇಲ್ಲವಾದವು. ಹಳೆಯ ಕಸುಬಿನಿಂದ ಹೊಸದಕ್ಕೆ ದಾಟಿ ಬಂದಿರುವುದು ಅರ ಒಂದೇ. ಹೊಸ ಚೈನು ಕೊಳ್ಳುವವರು ಅದರೊಂದಿಗೆ ಸರಿಯಾದ ಅಳತೆಯ ಅರವನ್ನೂ ಕೊಂಡರೆ, ಮುಂದಿನ ಚೈನು ಕೊಳ್ಳುವ ದಿನ ಅಷ್ಟು ದೂರ ಹೋಗುತ್ತದೆ.