ಬಂದರಲ್ಲ, ಬಾಗಿಲು

ಪೋರ್ಟ್

ಮನೆಯ ಸ್ಟೋರೇಜ್ ಸರ್ವರಿನಲ್ಲಿ ಡಾಕರ್ ತಂತ್ರಾಂಶದ ಕಂಟೇನರ್ ಓಡಿಸುವವರ ಬಾಯಲ್ಲಿ ‘ಪೋರ್ಟ್ 8080’ ಸದಾ ಇರುತ್ತದೆ. ಇಂಗ್ಲಿಷಿನಲ್ಲಿ ಡಾಕರ್ ಎಂದರೆ ಹಡಗುಕಟ್ಟೆಯ ಕೂಲಿಯಾಳು; ಹಾಗಂತ ಈ ಪೋರ್ಟನ್ನು ‘ಬಂದರು’ ಎಂದರೆ ತಪ್ಪು. ರೇವಿನ ಪೋರ್ಟ್ ಲ್ಯಾಟಿನ್ನಿನ ‘ಪೋರ್ಟುಸ್’ನಿಂದ ಬಂದದ್ದು. ಕಂಪ್ಯೂಟರಿನದು ‘ಪೋರ್ಟಾ’, ಅಂದರೆ ಬಾಗಿಲು. ಎರಡೂ ದಾಯಾದಿ ಪದಗಳು. 8080:80 ಎಂದು ಬರೆದರೆ ಎಡದ್ದು ಸರ್ವರಿನ ಬಾಗಿಲು, ಬಲದ್ದು ಕಂಟೇನರಿನದು. ‘ದ್ವಾರ’ ಎನ್ನಬಹುದು, ಆದರೆ ದೇವಸ್ಥಾನದ ಗಾಂಭೀರ್ಯ ಬಂದುಬಿಡುತ್ತದೆ, ಪೋರ್ಟೇ ಇರಲಿ.

ಇನ್ನು ‘ಬಂದರು’ ಪದವೋ, ಪಾರಸಿ ಮೂಲದ್ದು. ಭಟ್ಕಳದಲ್ಲಿ ಬಂದರ್ ರಸ್ತೆಯಿದೆ. ಮಚಲೀಪಟ್ಟಣದ ಇನ್ನೊಂದು ಹೆಸರೇ ಬಂದರ್. ಮಲಯ ಭಾಷೆಯಲ್ಲಿ ಈ ಪದಕ್ಕೆ ಪಟ್ಟಣವೆಂಬ ಅರ್ಥ. ನಮ್ಮ ಕರಾವಳಿಯ ಬಂದರುಗಳಲ್ಲಿ ಹೊನ್ನಾವರದ್ದು ಶರಾವತಿಯ ಅಳಿವೆಯಲ್ಲಿದೆ. ಧಾರವಾಡ ಸೀಮೆಯ ಹತ್ತಿ ಹಡಗು ಹತ್ತುತ್ತಿದ್ದುದು ಕುಮಟಾದಲ್ಲಿ, ಹಾಗಾಗಿ ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ಯಾಯಿತು.